ಕಾಲು ಸುತ್ತು ಹೊರಳಿಸುವುದಕ್ಕೆ ಅಡುಗೆಮನೆಯ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಡೆನ್ಮಾರ್ಕಿನವರು ಡಿಸೆಂಬರ್ ತಿಂಗಳಲ್ಲಿ ಮನೆಮನೆಯಲ್ಲೂ ಮಾಡುವ ಏಬ್ಲೆಸ್ಕೀವ ಎಂಬ ದುಂಡನೆಯ ತಿಂಡಿಯ ಬಗ್ಗೆ, ಇಲ್ಲಿಯ ಒಲೆಯ ಮೇಲೆ ಮಾಡಿಕೊಳ್ಳುವ ಹಾಗೆ, ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದ ಸಿಗದೆ ಬರವಣಿಗೆ ನಿಂತಿದೆ.

ಪಾತ್ರೆಗೆ ಹೆಸರು ಹುಡುಕಬೇಕಾಗಿಲ್ಲ. ಎರಕದ ಕಬ್ಬಿಣದ, ಸಾಮಾನ್ಯವಾಗಿ 7 ಗುಳಿಗಳಿರುವ ಹಂಚು ಅದು. ಪಡ್ಡಿನ ಹಂಚು ಎಂದರೆ ಸಾಕು, ಅಪ್ಪದ ಕಾವಲಿ ಎನ್ನುವವರಿಗೂ ತಿಳಿಯುತ್ತದೆ. ತಿಂಡಿಯನ್ನೇ ಪಡ್ಡು ಎಂದು ಕರೆಯಲು ಮಾತ್ರ ನನಗೆ ಒಪ್ಪಿಗೆಯಿಲ್ಲ. ಪಡ್ಡಿಗೆ ಅಕ್ಕಿ, ಉದ್ದು ರುಬ್ಬಿ ರಾತ್ರಿಯಿಡೀ ಹುದುಗಲು ಬಿಡುತ್ತೇವೆ. ಇದಕ್ಕೆ ಮೈದಾ, ಗಟ್ಟಿ ಮಜ್ಜಿಗೆ, ಮೊಟ್ಟೆಯ ಹಳದಿ, ಸ್ವಲ್ಪ ಸಕ್ಕರೆ, ಚಿಟಿಕೆ ಉಪ್ಪು, ಅಡುಗೆ ಸೋಡಾ, ನಿಂಬೆಸಿಪ್ಪೆಯ ತುರಿ, ಜೊತೆಗೆ ನಮ್ಮ ಏಲಕ್ಕಿ. ಬಿಳಿಯನ್ನು ಬೇರೆಯಾಗಿ ನೊರೆ ನಿಲ್ಲುವಷ್ಟು ಕಡೆದು, ನೊರೆ ಇಳಿಯದ ಹಾಗೆ ಕೊನೆಗೆ ಬೆರೆಸುತ್ತಾರೆ. ಡ್ಯಾನಿಷ್ ಹೆಸರಿಗೆ ‘ಸೇಬಿನ ಹೋಳುಗಳು’ ಎಂದರ್ಥ, ಆದರೆ ಈಗ ಸಾಮಾನ್ಯವಾಗಿ ಸೇಬು ಹಾಕುವುದಿಲ್ಲ. ಹಾಗಾಗಿ ಹೆಸರನ್ನು ಇದ್ದಂತೆಯೇ ಇಟ್ಟುಕೊಂಡಿದ್ದೇನೆ. ಅವರ ಬರಹದಲ್ಲಿ ಕೊನೆಗೊಂದು ರಕಾರ ಇದೆ, ಬಾಯಲ್ಲಿ ಅದು ಕರಗಿಹೋಗುತ್ತದೆ. ‘ಏಬ್ಲೆಸ್ಕೀವರ್’ ಎಂದು ಬರೆಯದಿರುವುದು ಅದಕ್ಕೇ.

ಇನ್ನು ನನ್ನನ್ನು ಕಾಡುತ್ತಿರುವ ವಿಷಯ. ಗುಳಿಗೆ ಬೆಣ್ಣೆ ಹಾಕಿ, ಅಂಚಿಗೆ ತುಸು ಕೆಳಗಿನವರೆಗೆ ಹಿಟ್ಟು ಹುಯ್ಯುತ್ತಾರೆ. ತಳ ಕೆಂಪಗಾಗಿ ಸುತ್ತ ಪದರ ಕಟ್ಟಿದಾಗ, ಸ್ವೆಟರ್ ಹೆಣೆಯುವ ಕಡ್ಡಿಯನ್ನು ಅಂಚಿನಲ್ಲಿ ಚುಚ್ಚಿ ಕಾಲು ಸುತ್ತು ಮಾತ್ರ ಎಳೆಯುತ್ತಾರೆ. ಬೆಂದ ಬಟ್ಟಲು ಗುಳಿಯಲ್ಲಿ ಓರೆಯಾಗಿ ನಿಲ್ಲುತ್ತದೆ, ಒಳಗಿನ ಹಸಿ ಹಿಟ್ಟು ಕೆಳಗೆ ಹರಿದು ಹೊಸ ಗೋಡೆಯಾಗುತ್ತದೆ. ಅದು ಬೆಂದ ಮೇಲೆ ಮತ್ತೆ ಕಾಲು ಸುತ್ತು. ಹೀಗೆ ಬಾಯಿ ಮುಚ್ಚುತ್ತ ಮುಚ್ಚುತ್ತ ಚೆಂಡಾಗುತ್ತದೆ. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದು ಲೆಕ್ಕ. ಉರಿ ಹೆಚ್ಚಾದರೆ ಹೊರಗೆ ಸೀದು ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಇಲ್ಲಿ ‘ಮಗುಚಿ ಹಾಕಿ’ ಎಂದು ಬರೆದರೆ ಓದುವವರು ಪಡ್ಡಿನಂತೆ ಒಂದೇ ಸಲಕ್ಕೆ ತಲೆಕೆಳಗು ಮಾಡುತ್ತಾರೆ, ಹಿಟ್ಟೆಲ್ಲ ಒಮ್ಮೆಗೇ ಸುರಿದು ಗುಂಡಗಾಗುವುದಿಲ್ಲ. ದೋಣಿ ಮಗುಚಿತು ಎಂದಾಗ ಅಡಿಮೇಲಾಯಿತು ಎಂದೇ ತಾನೇ ನಮ್ಮ ಕಿವಿಗೆ ಬೀಳುವುದು? ‘ಕವುಚು’ ಕೂಡ ಹಾಗೆಯೇ. ‘ತಿರುಗಿಸು’ ಎಂದರೆ ಎಷ್ಟು ಎಂಬುದು ತಿಳಿಯದು. ‘ವಾಲಿಸು’ ಎಂದರೆ ಹಂಚನ್ನೇ ವಾಲಿಸಿಬಿಡುವ ಅಪಾಯ ಉಂಟು.

ನನಗೆ ಹತ್ತಿರ ಅನ್ನಿಸಿರುವುದು ‘ಮಗ್ಗುಲು’. ಅಂಗಾತ ಮಲಗಿದ ಕೂಸು ಮೊದಲು ಮಗ್ಗುಲಾಗುತ್ತದೆ, ಬೋರಲಾಗುವುದು ಆಮೇಲೆ. ಈ ಎರಡನ್ನೂ ಬೇರೆಬೇರೆಯಾಗಿ ಹೇಳುವ ಶಕ್ತಿ ನಮ್ಮ ಮಾತಿಗೆ ಮೊದಲಿನಿಂದ ಇದೆ. ‘ಕಡ್ಡಿಯಿಂದ ಮಗ್ಗುಲಿಗೆ ಹೊರಳಿಸಿ, ಹಿಟ್ಟು ಹರಿದು ಗುಳಿ ತುಂಬಲಿ, ಆಮೇಲೆ ಇನ್ನೊಂದು ಮಗ್ಗುಲಿಗೆ’ ಎಂದು ಬರೆದು ನೋಡಿದೆ. ಅರ್ಥವೇನೋ ಕೂಡುತ್ತದೆ. ಆದರೆ ಒಲೆಯ ಮುಂದೆ ನಿಂತವರು ಹಿಟ್ಟಿನ ತಿಂಡಿಗೆ ಈ ಮಾತು ಬಳಸುವುದನ್ನು ನಾನು ಕೇಳಿಲ್ಲ.

ನಿಮ್ಮ ಕಡೆ ಪಡ್ಡು, ಗುಳಿಯಪ್ಪ, ಗುಂಡುಪಂಗಳ ಎರೆಯುವಾಗ ಅರ್ಧಕ್ಕೇ ನಿಲ್ಲಿಸಿ ಹೊರಳಿಸುವುದುಂಟೇ? ಉಂಟಾದರೆ ಅಮ್ಮ, ಅಜ್ಜಿ, ಅತ್ತೆಯವರು ಅದಕ್ಕೆ ಏನೆನ್ನುತ್ತಾರೆ? ರೊಟ್ಟಿಯ ಅಂಚು ಬೇಯಿಸುವಾಗಿನ ಮಾತಾದರೂ ಆಗಬಹುದು. ಯಾವ ಊರಿನ ಬಳಕೆ ಎಂಬುದನ್ನೂ ದಯವಿಟ್ಟು ಜೊತೆಗೆ ತಿಳಿಸಿ.