ಪದಚರ್ಚೆ: ಜಡ್ಜ್ ಚುನಾವಣೆಯಲ್ಲಿ ‘ಭರವಸೆ’ ಅನ್ನಬಹುದೇ?

ಗೆಳೆಯರೇ,

ಅಮೆರಿಕದ ಹಲವು ರಾಜ್ಯಗಳಲ್ಲಿ ಜಡ್ಜ್‌ಗಳನ್ನೂ ಜನ ವೋಟು ಹಾಕಿ ಆರಿಸುತ್ತಾರೆ. ಅಭ್ಯರ್ಥಿಗಳು ಪ್ರಚಾರಕ್ಕೂ ಇಳಿಯುತ್ತಾರೆ. ಅದರ ಬಗ್ಗೆ ಬರೆಯುವಾಗ ಒಂದು ಪದ ಕೈಗೆ ಸಿಗುತ್ತಿಲ್ಲ.

ಅಲ್ಲಿ ಅಭ್ಯರ್ಥಿ ತನ್ನ ನಿಲುವು ಹೇಳಬಹುದು. ಆದರೆ ಗೆದ್ದರೆ ಇಂಥ ಕೇಸಿಗೆ ಇಂಥದೇ ತೀರ್ಪು ಕೊಡುತ್ತೇನೆ ಅನ್ನುವಂತಿಲ್ಲ. ಮೊದಲು ಮಿನೆಸೋಟದಲ್ಲಿ ನಿಲುವು ಹೇಳುವುದಕ್ಕೂ ತಡೆ ಇತ್ತು. ಗ್ರೆಗರಿ ವರ್ಸಲ್ ಎಂಬ ಅಭ್ಯರ್ಥಿ ಕೋರ್ಟಿಗೆ ಹೋದರು. 2002ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಆ ತಡೆಯನ್ನು ರದ್ದು ಮಾಡಿತು. ಎರಡನೆಯದರ, ಅಂದರೆ ಇಂಥದೇ ತೀರ್ಪು ಕೊಡುತ್ತೇನೆ ಅನ್ನುವುದಕ್ಕಿರುವ ತಡೆಯ, ತಂಟೆಗೆ ಹೋಗಲಿಲ್ಲ. 2023ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಗೆದ್ದ ಜಾನೆಟ್ ಪ್ರೊಟಸೀವಿಚ್ ಗರ್ಭಪಾತದ ವಿಷಯದಲ್ಲಿ ಹೆಣ್ಣಿನ ಹಕ್ಕಿನ ಪರ ಎಂದು ಬಿಚ್ಚಿಯೇ ಹೇಳಿದ್ದರು; ತೀರ್ಪು ಏನು ಅಂತ ಮಾತ್ರ ಹೇಳಲಿಲ್ಲ. ಕೇಳಿದವರಿಗೆ ಅರ್ಥವಾಗದೇ ಇರುತ್ತಾ, ಅದು ಬೇರೆ ಮಾತು!

ಹೇಳಬಾರದ ಆ ಎರಡನೆಯದಕ್ಕೆ ಏನನ್ನೋಣ? ಪೇಪರಿನವರು ‘ಭರವಸೆ’ ಅಂತಾರೆ. ನನಗೆ ಅದು ತೀರಾ ಸಡಿಲ ಅನಿಸುತ್ತೆ. ‘ನನಗೆ ಭರವಸೆ ಇದೆ’ ಅಂದರೆ ಬರೀ ನಂಬಿಕೆ. ಯಾರ ಪಕ್ಷವನ್ನೂ ವಹಿಸಲ್ಲ ಅಂತ ಅಭ್ಯರ್ಥಿ ಭರವಸೆ ಕೊಟ್ಟರೆ ತಪ್ಪೇನೂ ಇಲ್ಲ. ‘ಆಶ್ವಾಸನೆ’ಯ ಬೆಲೆ ನಮ್ಮ ರಾಜಕಾರಣಿಗಳ ಬಾಯಲ್ಲಿ ಯಾವತ್ತೋ ಹೋಯ್ತು. ‘ವಾಗ್ದಾನ’ ಸರಿಯಾದ ಪದವೇ, ಆದರೆ ಓದಿದ ತಕ್ಷಣ ಬೈಬಲ್ ಕನ್ನಡ ನೆನಪಾಗುತ್ತೆ. ‘ಮಾತು ಕೊಡುವುದು’ ಚೆನ್ನಾಗಿ ಹೊಂದುತ್ತೆ. ಕೊಟ್ಟ ಮೇಲೆ ನಡೆಸಿಕೊಡಲೇಬೇಕು, ಅಲ್ವಾ? ಜಡ್ಜ್ ಹಾಗೆ ಮೊದಲೇ ಕಟ್ಟಿಹಾಕಿಕೊಳ್ಳಬಾರದು ಅನ್ನೋದೇ ನಿಯಮದ ಉದ್ದೇಶ. ತೊಡಕು ಇಷ್ಟೇ, ತಲೆಬರಹಕ್ಕೆ ಚಿಕ್ಕ ನಾಮಪದ ಬೇಕು. ‘ಮಾತುಕೊಡಿಕೆ’ ನನ್ನ ಕಿವಿಗೇ ಒಗ್ಗುತ್ತಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ಫ್ಲಾರಿಡಾದಲ್ಲಿ ಜಡ್ಜ್ ಅಭ್ಯರ್ಥಿ ತಾನೇ ಖುದ್ದಾಗಿ ಚುನಾವಣೆಗೆ ದುಡ್ಡು ಕೇಳುವಂತಿಲ್ಲ. ಅವರ ಪ್ರಚಾರ ಸಮಿತಿ ಕೇಳಬಹುದು. 2015ರಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ‘ದೇಣಿಗೆ ಸಂಗ್ರಹ’ ಅಂದರೆ ಸಮಿತಿಯ ಕೆಲಸವೂ ಅದರಲ್ಲಿ ಸೇರಿಬಿಡುತ್ತೆ. ‘ಕೈಯೊಡ್ಡುವುದು’ ಅಂದರೆ ಸ್ವಲ್ಪ ಹೀನಾಯ. ‘ಮತಯಾಚನೆ’ ನಮಗೆ ರೂಢಿಯಾಗಿದೆಯಲ್ಲ, ಅದೇ ಜಾಡಿನಲ್ಲಿ ‘ಹಣಯಾಚನೆ’ ಅನ್ನಬಹುದಾ?

ಕೋರ್ಟು-ಕಚೇರಿಯ ಕನ್ನಡ ಬಲ್ಲವರು ದಯವಿಟ್ಟು ಹೇಳಿ. ಈ ಎರಡಕ್ಕೂ ಬಳಕೆಯಲ್ಲಿರುವ ಪದಗಳೇ ಇದ್ದರೆ ಇನ್ನೂ ಒಳ್ಳೆಯದು.