ಮಾನಿಟರ್ ಮಲಗುತ್ತಿಲ್ಲವೋ, ಆರುತ್ತಿಲ್ಲವೋ, ಎದ್ದು ಬಿಡುತ್ತಿದೆಯೋ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನ ಸಣ್ಣಪುಟ್ಟ ತೊಂದರೆಗಳನ್ನು ನಾವೇ ಸರಿ ಮಾಡಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮಾನಿಟರ್ ಸ್ಲೀಪ್‌ಗೆ ಹೋಗದಿದ್ದರೆ ಏನು ಮಾಡಬೇಕು ಅನ್ನುವ ಭಾಗಕ್ಕೆ ಬಂದಾಗ ಪದಗಳದೇ ತಕರಾರು ಶುರುವಾಗಿದೆ. "ಸ್ಲೀಪ್ ಆಗ್ತಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಅದನ್ನೇ ಬರೆದು ಮುಂದೆ ಹೋಗಬಹುದಲ್ವಾ ಅಂತ ನೀವು ಕೇಳಬಹುದು. ಮಾತಿಗೆ ಅದು ಸಾಕು. ರಿಪೇರಿಗೆ ಸಾಲದು. ಆ ಒಂದು ಮಾತಿನ ಅಡಿಯಲ್ಲಿ ಬೇರೆ ಬೇರೆ ಮೂರು ತೊಂದರೆಗಳಿವೆ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಕನ್ನಡದ ಕ್ರಿಯಾಪದಗಳನ್ನು ನೋಡಿಕೊಂಡು ಬಳಸಿದರೆ ಈ ಮೂರೂ ತಾವಾಗಿಯೇ ಬೇರೆಯಾಗುತ್ತವೆ ಅನ್ನುವುದು ನನ್ನ ವಾದ. ನಿಮಗೇನನಿಸುತ್ತದೆ ಅಂತ ತಿಳಿಯಬೇಕು.

ಮೊದಲು "ಮಲಗು". ಸ್ಲೀಪ್ ಅಂದ ಕೂಡಲೇ ನೆನಪಿಗೆ ಬರುವ ಪದ ಇದೇ. ಆದರೆ ಯಂತ್ರದ ವಿಷಯದಲ್ಲಿ ಕನ್ನಡದವರು ಇದನ್ನು ಆಗಲೇ ಬೇರೆ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. "ಸರ್ವರ್ ಮಲಗಿದೆ" ಅಂದರೆ ಕೆಟ್ಟು ಕೂತಿದೆ ಅಂತ. "ವ್ಯಾಪಾರ ಮಲಗಿತು" ಅಂದರೆ ಮತ್ತೆ ಏಳುವ ಭರವಸೆ ಅಷ್ಟಕ್ಕಷ್ಟೆ. ಹಾಗಾಗಿ "ಮಾನಿಟರ್ ಮಲಗಿದೆ" ಅಂತ ಬರೆದರೆ ಓದುವವರು ಅದನ್ನು ರಿಪೇರಿಗೆ ಹೊತ್ತುಕೊಂಡು ಹೋಗುತ್ತಾರೆ. "ನಿದ್ದೆ" ಆದರೆ ಪರವಾಗಿಲ್ಲ. ನಿದ್ದೆ ಹೋದದ್ದು ಏಳುತ್ತದೆ ಅನ್ನುವ ನಂಬಿಕೆ ಆ ಪದದಲ್ಲೇ ಇದೆ. "ನಿದ್ರಾವಸ್ಥೆ", "ಸುಪ್ತಾವಸ್ಥೆ" ಅನ್ನುವವರೂ ಇದ್ದಾರೆ. ತಪ್ಪಲ್ಲ. ಆದರೆ ಕತ್ತಲಲ್ಲಿ ಮೇಜಿನ ಕೆಳಗೆ ಕೇಬಲ್ ಹುಡುಕುತ್ತಿರುವವರಿಗೆ ಅಷ್ಟು ಉದ್ದದ ಪದ ಕೊಡಲು ನನಗೆ ಮನಸ್ಸಿಲ್ಲ.

ಎರಡನೆಯದು "ಆರು". ನನಗೆ ತುಂಬ ಇಷ್ಟವಾದ ಪದ. ದೀಪ ಆರುವ ಹಾಗೆ ಪರದೆ ಆರುತ್ತದೆ. ಇದರಲ್ಲಿ ಅಂದಕ್ಕಿಂತ ಜಾಸ್ತಿ ಉಪಯೋಗ ಇದೆ. ಎಷ್ಟೋ ಜನ ಪರದೆ ಕಪ್ಪಾದರೆ ಸಾಕು, ಮಾನಿಟರ್ ಸ್ಲೀಪ್ ಆಯಿತು ಅಂದುಕೊಳ್ಳುತ್ತಾರೆ. ಕೋಣೆಯ ದೀಪ ಆರಿಸಿ ಒಮ್ಮೆ ನೋಡಿ. ಎಲ್‌ಸಿಡಿ ಪರದೆ ಕಪ್ಪಗೆ ಕಂಡರೂ ಮೂಲೆಗಳಲ್ಲಿ ಮಾಸಲು ಬೂದು ಬೆಳಕು ಸೋರುತ್ತಿದ್ದರೆ, ಹಿಂದಿನ ದೀಪ ಇನ್ನೂ ಉರಿಯುತ್ತಿದೆ ಅಂತ ಅರ್ಥ. ಕಪ್ಪು ಸ್ಕ್ರೀನ್‌ಸೇವರ್ ಹಾಕಿಕೊಂಡವರಿಗೆ ಆಗುವುದು ಇದೇ. ಕಂಪ್ಯೂಟರ್ ಚಿತ್ರ ಕಳಿಸುತ್ತಲೇ ಇದೆ, ಆ ಚಿತ್ರದ ಬಣ್ಣ ಮಾತ್ರ ಕಪ್ಪು. ಸ್ಕ್ರೀನ್‌ಸೇವರ್ ಬಂದದ್ದು ಹಳೆಯ ಗಾಜಿನ ಕೊಳವೆಯ ಮಾನಿಟರ್‌ಗಳ ಕಾಲದಲ್ಲಿ. ಒಂದೇ ಚಿತ್ರ ಹೊತ್ತುಗಟ್ಟಲೆ ನಿಂತರೆ ಒಳಗಿನ ಬೆಳಕು ಬೀರುವ ಪದರದಲ್ಲಿ ಅದರ ಅಚ್ಚು ಉಳಿದುಬಿಡುತ್ತಿತ್ತು. ಕರೆಂಟ್ ಉಳಿಸುವುದು ಅದರ ಕೆಲಸವೇ ಅಲ್ಲ. "ಕಪ್ಪಾಯಿತು" ಬೇರೆ, "ಆರಿತು" ಬೇರೆ. ಈ ವ್ಯತ್ಯಾಸ ಕನ್ನಡದಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಆದರೆ ಒಂದು ತೊಡಕು ಇದೆ. "ಆರು" ಇರುವವರೆಗೆ ಎಲ್ಲ ಸರಿ. "ಆರಿಸು" ಅಂದ ಕೂಡಲೇ ಎಡವಟ್ಟು. ಕಂಪ್ಯೂಟರಿನ ಮೆನುಗಳಲ್ಲಿ "ಆರಿಸಿ" ಅಂದರೆ ಆಯ್ಕೆ ಮಾಡಿ ಅಂತ. "ಎರಡನೇ ಪರದೆಯನ್ನು ಆರಿಸಿ" ಅಂತ ಕೈಪಿಡಿಯಲ್ಲಿ ಬರೆದರೆ ಏನು ಮಾಡಬೇಕು? ಅದನ್ನು ಆಯ್ದುಕೊಳ್ಳಬೇಕೋ, ಅದರ ಬೆಳಕು ತೆಗೆಯಬೇಕೋ? ಬಟ್ಟೆ ಆರಿಸುವುದನ್ನು ಬಿಟ್ಟರೂ ಎರಡು ಅರ್ಥ ಉಳಿದೇ ಉಳಿಯುತ್ತವೆ. ಸದ್ಯಕ್ಕೆ ನಾನು ಮಾಡಿರುವ ಏರ್ಪಾಡು ಇದು: ತಾನಾಗಿ ಆಗುವುದಕ್ಕೆ "ಆರುತ್ತದೆ", ನಾವು ಮಾಡುವುದಕ್ಕೆ "ಆಫ್ ಮಾಡಿ", ಮೆನುವಿನಲ್ಲಿ "ಆಯ್ದುಕೊಳ್ಳಿ". "ನಂದಿಸಿ" ಅಂದರೆ ಬೆಂಕಿ ನೆನಪಾಗುತ್ತದೆ, ಅದು ಬೇಡ.

ಈಗ ಮೂರು ತೊಂದರೆಗಳಿಗೆ ಬರೋಣ. ಹೊತ್ತು ಮೀರಿದರೂ ಕಂಪ್ಯೂಟರ್ ಚಿತ್ರ ಕಳಿಸುವುದನ್ನು ನಿಲ್ಲಿಸದೇ ಇರುವುದು ಮೊದಲನೆಯದು. ಇಲ್ಲಿ ಮಾನಿಟರಿನದು ಏನೂ ತಪ್ಪಿಲ್ಲ. ಚಿತ್ರ ಬರುತ್ತಿರುವಾಗ ಅದು ಆರುವುದಾದರೂ ಹೇಗೆ? ಇದಕ್ಕೆ "ನಿದ್ದೆ ಹತ್ತುತ್ತಿಲ್ಲ" ಅನ್ನುವುದು ನನಗೆ ಸರಿಕಂಡಿದೆ. ನಿದ್ದೆ ಹತ್ತದಿರಲು ಯಾರೋ ತಡೆ ಹಾಕಿರಬೇಕು. ಓಡುತ್ತಿರುವ ವಿಡಿಯೋ, ಮುಚ್ಚಲು ಮರೆತ ಮೀಟಿಂಗ್, ಬ್ರೌಸರಿನಲ್ಲಿ ಎಲ್ಲೋ ಮೂಲೆಯ ಟ್ಯಾಬ್ "ಪರದೆ ಆರಬಾರದು" ಅಂತ ಕೇಳಿಕೊಂಡಿರಬಹುದು.

ಕೇಳಿಕೊಂಡದ್ದು ಯಾರು ಅಂತ ತಿಳಿಯಲು ದಾರಿ ಇದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟನ್ನು (ಆದೇಶ ಟೈಪ್ ಮಾಡುವ ಕಿಟಕಿ) ಅಡ್ಮಿನಿಸ್ಟ್ರೇಟರ್ ಆಗಿ ತೆರೆದು "ಪವರ್‌ಸಿಎಫ್‌ಜಿ ಸ್ಲ್ಯಾಶ್ ರಿಕ್ವೆಸ್ಟ್ಸ್" ಅಂತ ಕೊಟ್ಟರೆ ಪಟ್ಟಿ ಬರುತ್ತದೆ. ಪವರ್ ಆದ ಮೇಲೆ ಸಿ, ಎಫ್, ಜಿ ಮೂರೇ ಅಕ್ಷರ. ಪಟ್ಟಿಯ ಮೇಲ್ಗಡೆ ಡಿಸ್‌ಪ್ಲೇ ಅನ್ನುವ ತಲೆಬರಹದ ಕೆಳಗೆ "ನನ್" (ಏನೂ ಇಲ್ಲ) ಅಂತ ಇದ್ದರೆ ಯಾರೂ ತಡೆದಿಲ್ಲ. ಯಾವುದಾದರೂ ಪ್ರೋಗ್ರಾಂ ಹೆಸರಿದ್ದರೆ ಅದೇ ಕಾರಣ. ಅದರ ಕೆಳಗಿನ ಸಿಸ್ಟಮ್ ಅನ್ನುವ ತಲೆಬರಹ ಬೇರೆ. ಹಾಡು ಕೇಳುವಾಗ ಅಲ್ಲಿ ಹೆಸರು ಬರುತ್ತದೆ. ಆಗ ಪರದೆ ಆರಬಹುದು, ಕಂಪ್ಯೂಟರ್ ಮಾತ್ರ ನಿದ್ದೆ ಹೋಗುವುದಿಲ್ಲ. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ "ಪಿಎಂಸೆಟ್ ಡ್ಯಾಶ್ ಜಿ ಅಸರ್ಷನ್ಸ್", ಲಿನಕ್ಸ್‌ನಲ್ಲಿ "ಸಿಸ್ಟಮ್‌ಡಿ-ಇನ್‌ಹಿಬಿಟ್ ಡ್ಯಾಶ್ ಡ್ಯಾಶ್ ಲಿಸ್ಟ್". ಒಬ್ಬರು ಇದನ್ನು ಕೋರಿಕೆ ಅಂತಾರೆ, ಇನ್ನೊಬ್ಬರು ಪ್ರತಿಪಾದನೆ ಅಂತಾರೆ, ಮತ್ತೊಬ್ಬರು ನಿರೋಧ ಅಂತಾರೆ. ಒಂದೇ ವಸ್ತುವಿಗೆ ಮೂರು ಹೆಸರು. ಇವನ್ನು ಒಂದೊಂದಾಗಿ ಕನ್ನಡಕ್ಕೆ ತರುತ್ತಾ ಕೂರುವುದು ಸುಮ್ನೆ ಶ್ರಮ. "ತಡೆ" ಅಂದರೆ ಮೂರಕ್ಕೂ ಸಾಕಲ್ವಾ? "ಪರದೆಗೆ ಯಾರು ತಡೆ ಹಾಕಿದ್ದಾರೆ ನೋಡಿ" ಅಂದರೆ ಯಾರಿಗೆ ತಿಳಿಯುವುದಿಲ್ಲ?

ತಡೆಯ ಪಟ್ಟಿ ಖಾಲಿ ಇದ್ದೂ ಪರದೆ ಆರದಿದ್ದರೆ ಮೌಸ್ ಕಡೆ ನೋಡಬೇಕು. ಹೊಳೆಯುವ ಮೇಜಿನ ಮೇಲೆ ಅಥವಾ ಗಾಜಿನ ಮೇಲೆ ಇಟ್ಟ ಆಪ್ಟಿಕಲ್ ಮೌಸ್, ಯಾರೂ ಮುಟ್ಟದಿದ್ದರೂ ಚೂರು ಅಲುಗಿದಂತೆ ಲೆಕ್ಕ ಕೊಡುತ್ತಿರುತ್ತದೆ. ಕರ್ಸರ್ ಮೇಲೆ ಕಣ್ಣಿಟ್ಟು ನೋಡಿದರೆ ಅದು ನಿಂತಲ್ಲೇ ನಡುಗುವುದು ಕಾಣುತ್ತದೆ. ಸವೆದ ಗೇಮ್ ಕಂಟ್ರೋಲರಿನ ಕಡ್ಡಿಯೂ ಹೀಗೆಯೇ, ನಡುವಿಗೆ ಸರಿಯಾಗಿ ಬಂದು ನಿಲ್ಲದೆ ಸದಾ ವಾಲಿದಂತೆ ಹೇಳುತ್ತಿರುತ್ತದೆ. ಇವು ತಡೆ ಅಲ್ಲ, ಆದ್ದರಿಂದ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಕಂಪ್ಯೂಟರ್ ಎಣಿಸುತ್ತಿರುವ ಹೊತ್ತನ್ನು ಮತ್ತೆ ಮತ್ತೆ ಸೊನ್ನೆಗೆ ತರುತ್ತವೆ, ಅಷ್ಟೆ. ಮೌಸನ್ನು ಮಗುಚಿಡಿ, ಕಂಟ್ರೋಲರಿನ ವೈರ್ ಕೀಳಿ, ಕಾದು ನೋಡಿ.

ಕಂಪ್ಯೂಟರ್ ಎಣಿಸುವ ಆ ಹೊತ್ತಿಗೆ ಏನು ಹೇಳೋಣ? "ನಿಷ್ಕ್ರಿಯ ಅವಧಿ" ಅಂತ ಕೆಲವೆಡೆ ನೋಡಿದ್ದೇನೆ. ನನ್ನ ಕರಡಿನಲ್ಲಿ "ಸುಮ್ಮನಿರುವ ಹೊತ್ತು" ಅಂತ ಹಾಕಿದ್ದೇನೆ. "ಸುಮ್ಮನಿರುವ ಹೊತ್ತು 10 ನಿಮಿಷ ದಾಟಿದರೆ ಪರದೆ ಆರುತ್ತದೆ." ಓದಲು ಹಾಯಾಗಿದೆ. ಪಟ್ಟಿಯೊಳಗೆ ಒಂದೇ ಪದ ಬೇಕು ಅಂದಾಗ ಮಾತ್ರ ಇದು ಉದ್ದವಾಗುತ್ತದೆ.

ಇನ್ನು ಎರಡನೇ ತೊಂದರೆ. ಕಂಪ್ಯೂಟರ್ ಚಿತ್ರ ನಿಲ್ಲಿಸಿತು, ಆದರೂ ಮಾನಿಟರ್ ಉರಿಯುತ್ತಲೇ ಇದೆ. ಇದಕ್ಕೆ "ಆರುತ್ತಿಲ್ಲ" ಅನ್ನುವುದೇ ಸರಿ. ಪರೀಕ್ಷೆ ಸುಲಭ. ಕೇಬಲ್ ಹಾಗೇ ಇರಲಿ, ಕಂಪ್ಯೂಟರನ್ನು ಪೂರ್ತಿ ಶಟ್ ಡೌನ್ ಮಾಡಿ. ಮಾನಿಟರ್ "ಸಿಗ್ನಲ್ ಇಲ್ಲ" ಅಂತ ತೋರಿಸಿ, ತುಸು ಹೊತ್ತಿಗೆ ಆರಬೇಕು. ಆ ಸಂದೇಶದ ಚೌಕ ಪರದೆ ತುಂಬ ತೇಲಾಡುತ್ತಲೇ ಇದ್ದರೆ ಕಂಪ್ಯೂಟರನ್ನು ಬಿಟ್ಟುಬಿಡಿ, ಮಾನಿಟರಿನ ಸ್ವಂತ ಮೆನು ತೆರೆಯಿರಿ. ಇನ್‌ಪುಟ್ ತಾನಾಗಿ ಹುಡುಕುವ ಸೆಟ್ಟಿಂಗ್ ಆನ್ ಇದ್ದರೆ ಅದು ಕೇಬಲ್ ಸಿಕ್ಕಿಸುವ ಒಂದೊಂದೇ ಕಿಂಡಿ ಇಣುಕುತ್ತಾ ಇರುತ್ತದೆ. ಇನ್ನೊಂದು ಕಿಂಡಿಗೆ ಗೇಮ್ ಪೆಟ್ಟಿಗೆಯೋ ಮತ್ತೊಂದು ಕಂಪ್ಯೂಟರೋ ಸೇರಿಕೊಂಡು ಚಿತ್ರ ಕಳಿಸುತ್ತಿದ್ದರೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಅಂದ ಹಾಗೆ, "ಸಂಕೇತ ಇಲ್ಲ" ಅಂತ ಬರೆಯಬೇಡಿ. ಸಿಗ್ನಲ್ ಅಂದರೆ ಎಲ್ಲರಿಗೂ ಗೊತ್ತು.

ಮೂರನೆಯದು ಎಲ್ಲಕ್ಕಿಂತ ತಲೆನೋವು. ಪರದೆ ಆರುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ. "ನಿದ್ದೆ ಕೆಡುತ್ತಿದೆ" ಅನ್ನಬಹುದೇ? ನನಗೆ ಇದು ಹಿಡಿಸಿದೆ. ಹತ್ತದಿರುವುದಕ್ಕೂ ಕೆಡುವುದಕ್ಕೂ ಇರುವ ಅಂತರ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸುವವರಿಗೆ ಇದು ಜಾಸ್ತಿ ಕಾಡುತ್ತದೆ. ಮಾನಿಟರ್ ಇದೆಯೋ ಇಲ್ಲವೋ ಅಂತ ಕಂಪ್ಯೂಟರಿಗೆ ತಿಳಿಸಲು ಅದರಲ್ಲಿ ಬೇರೆಯೇ ಒಂದು ತಂತಿ ಇದೆ. ಕೆಲವು ಮಾನಿಟರ್‌ಗಳು ಗಾಢ ನಿದ್ದೆಗೆ ಹೋಗುವಾಗ ಆ ತಂತಿಯನ್ನೂ ಕೈಬಿಡುತ್ತವೆ. ಕಂಪ್ಯೂಟರಿಗೆ ಯಾರೋ ಕೇಬಲ್ ಕಿತ್ತಂತೆ ಅನಿಸುತ್ತದೆ. ವಿಂಡೋಗಳನ್ನೆಲ್ಲ ಇನ್ನೊಂದು ಪರದೆಗೆ ಒಟ್ಟುತ್ತದೆ. ಮರುಕ್ಷಣ ತಂತಿ ಮತ್ತೆ ಮಾತಾಡಿದರೆ "ಹೊಸ ಮಾನಿಟರ್ ಬಂತು" ಅಂತ ಚಿತ್ರ ಕಳಿಸುತ್ತದೆ. ಮತ್ತೆ ಮೊದಲಿಂದ. ಮಾನಿಟರಿನ ಮೆನುವಿನಲ್ಲಿ "ಡೀಪ್ ಸ್ಲೀಪ್" ಅಂತ ಇದ್ದರೆ ಅದನ್ನು ಆಫ್ ಮಾಡುವುದು, ಇನ್‌ಪುಟ್ ಹುಡುಕಾಟ ನಿಲ್ಲಿಸುವುದು, ಎಚ್‌ಡಿಎಂಐ ಕೇಬಲ್ ಹಾಕಿ ನೋಡುವುದು, ಈ ಮೂರರಲ್ಲಿ ಒಂದು ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಡಿಸ್‌ಪ್ಲೇಪೋರ್ಟ್ ಕೇಬಲಿನ 20ನೇ ಪಿನ್ ಕೂಡ ಒಂದು ಕಿರಿಕಿರಿ. ಅದರಲ್ಲಿ 3.3 ವೋಲ್ಟ್ ಇರುತ್ತದೆ. ನಿಯಮದ ಪ್ರಕಾರ ಮಾಮೂಲಿ ಕೇಬಲಿನಲ್ಲಿ ಆ ಪಿನ್ನನ್ನು ಎರಡು ತುದಿಗೂ ಜೋಡಿಸಬಾರದು. ಜೋಡಿಸಿದ ಅಗ್ಗದ ಕೇಬಲ್‌ಗಳೂ ಇವೆ. ಆಗ ಒಂದರ ಕರೆಂಟ್ ಇನ್ನೊಂದಕ್ಕೆ ಹರಿದು ಇಲ್ಲದ ಚೇಷ್ಟೆ ಶುರುವಾಗುತ್ತದೆ.

ಇಲ್ಲಿಯೇ "ಎಚ್ಚರಿಸು" ಅನ್ನುವ ಪದದ ಬಗ್ಗೆ ನನ್ನ ತಕರಾರು. ಮೌಸ್ ಅಲುಗಿಸಿದರೆ ಅದು "ಕಂಪ್ಯೂಟರನ್ನು ಎಚ್ಚರಿಸುತ್ತದೆ" ಅಂತ ಬರೆದರೆ, ಮೌಸ್ ಏನೋ ಅಪಾಯದ ಬಗ್ಗೆ ಹೇಳುತ್ತಿದೆ ಅನ್ನುವಂತೆ ಕೇಳಿಸುತ್ತದೆ. ಕಂಪ್ಯೂಟರಿನಲ್ಲಿ ಎಚ್ಚರಿಕೆಯ ಸಂದೇಶಗಳು ಬೇರೆ ಬರುತ್ತಿರುತ್ತವೆ. "ಎಬ್ಬಿಸು" ವಾಸಿ. ಅದಕ್ಕಿಂತ ಮುಖ್ಯವಾಗಿ, "ಎಚ್ಚರವಾಯಿತು" ಮತ್ತು "ಎಬ್ಬಿಸಿತು" ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತವೆ. ತಾನಾಗಿ ಎಚ್ಚರವಾಯಿತೇ, ಯಾರಾದರೂ ಎಬ್ಬಿಸಿದರೇ? ಎರಡನೆಯದಾದರೆ ವಿಂಡೋಸ್‌ನಲ್ಲಿ "ಪವರ್‌ಸಿಎಫ್‌ಜಿ ಸ್ಲ್ಯಾಶ್ ಲಾಸ್ಟ್‌ವೇಕ್" ಅಂತ ಕೇಳಬಹುದು. ಆದರೆ ಅದು ಉತ್ತರ ಕೊಡುವುದು ಕಂಪ್ಯೂಟರನ್ನು ಎಬ್ಬಿಸಿದವರ ಬಗ್ಗೆ. ಪರದೆ ಮಾತ್ರ ಆರಿ ಹೊತ್ತಿಕೊಂಡಿದ್ದರೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಈ ಗೊಂದಲ ತುಂಬ ಜನಕ್ಕೆ ಆಗುತ್ತದೆ, ಯಾಕೆಂದರೆ ಪರದೆಗೂ ಕಂಪ್ಯೂಟರಿಗೂ ಒಂದೇ "ಸ್ಲೀಪ್".

ಹಳೆಯ ಕಥೆ ಸ್ವಲ್ಪ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ ಕರೆಂಟ್ ಉಳಿಸುವ ಸಾಧನಗಳಿಗೆ ಕೊಡುವ ಎನರ್ಜಿ ಸ್ಟಾರ್ ಗುರುತು ತಂದಾಗ ಮೊದಲು ಅದು ಸಿಕ್ಕಿದ್ದು ಕಂಪ್ಯೂಟರ್ ಮತ್ತು ಮಾನಿಟರ್‌ಗಳಿಗೇ. ಮರುವರ್ಷ ಪರದೆಗಳಿಗೆ ಮಾನದಂಡ ರೂಪಿಸುವ ವೇಸಾ ಒಕ್ಕೂಟ, ಮಾನಿಟರಿನ ಕರೆಂಟ್ ಉಳಿಸಲು ಡಿಪಿಎಂಎಸ್ ಅನ್ನುವ ನಿಯಮ ಮಾಡಿತು. ಅದರಲ್ಲಿ ಮಾನಿಟರಿಗೆ ನಾಲ್ಕು ಸ್ಥಿತಿ: ಆನ್, ಸ್ಟ್ಯಾಂಡ್‌ಬೈ, ಸಸ್ಪೆಂಡ್, ಆಫ್. ಕಂಪ್ಯೂಟರಿನಿಂದ ಮಾನಿಟರಿಗೆ ಚಿತ್ರದ ಸಾಲುಗಳ ತಾಳಕ್ಕೆ ಒಂದು ಸಿಗ್ನಲ್, ಇಡೀ ಚಿತ್ರದ ತಾಳಕ್ಕೆ ಒಂದು ಸಿಗ್ನಲ್ ಹೋಗುತ್ತಿತ್ತು. ಯಾವುದು ನಿಂತಿದೆ ಅಂತ ನೋಡಿ ಮಾನಿಟರ್ ತನ್ನ ಸ್ಥಿತಿ ತಿಳಿದುಕೊಳ್ಳುತ್ತಿತ್ತು. ಕೊಳವೆ ಬಿಸಿಯಾಗಲು ಹೊತ್ತು ಹಿಡಿಯುತ್ತಿದ್ದ ಕಾಲಕ್ಕೆ ಈ ಮೆಟ್ಟಿಲುಗಳು ಬೇಕಿದ್ದವು. ಈಗಿನ ಪರದೆಗೆ ಉರಿಯುವುದು, ಆರುವುದು ಎರಡೇ ಗೊತ್ತು. ಆದರೂ ಲಿನಕ್ಸ್‌ನಲ್ಲಿ "ಎಕ್ಸ್‌ಸೆಟ್ ಕ್ಯೂ" ಕೊಟ್ಟರೆ ಇವತ್ತಿಗೂ ಸ್ಟ್ಯಾಂಡ್‌ಬೈ, ಸಸ್ಪೆಂಡ್, ಆಫ್ ಮೂರಕ್ಕೂ ಬೇರೆ ಬೇರೆ ಸೆಕೆಂಡು ತೋರಿಸುತ್ತದೆ. ಇವಕ್ಕೆಲ್ಲ ಕನ್ನಡ ಪದ ಹುಡುಕಬೇಕೇ? ಬೇಡ ಅಂತೀನಿ ನಾನು. ನಿಘಂಟು ನೋಡಿ ಸಸ್ಪೆಂಡ್‌ಗೆ "ಅಮಾನತು" ಅಂತ ಹಾಕಿದರೆ ಮಾನಿಟರ್ ಮೇಲೆ ಇಲಾಖಾ ವಿಚಾರಣೆ ನಡೆಯುತ್ತಿದೆ ಅಂದುಕೊಂಡಾರು.

ಹೈಬರ್ನೇಟ್ ಮಾನಿಟರಿಗೆ ಸಂಬಂಧಿಸಿದ್ದೇ ಅಲ್ಲ, ಅದು ಕಂಪ್ಯೂಟರಿನದು. ನೆನಪಿನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆಫ್ ಆಗುವುದು. ಪ್ರಾಣಿಗಳ ಚಳಿಗಾಲದ ನಿದ್ದೆಯಿಂದ ಬಂದ ಹೆಸರು. ಅದರ ಚರ್ಚೆ ಇನ್ನೊಮ್ಮೆ ಇಟ್ಟುಕೊಳ್ಳೋಣ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಚಿತ್ರ ನಿಲ್ಲದೇ ಇರುವುದಕ್ಕೆ "ನಿದ್ದೆ ಹತ್ತುತ್ತಿಲ್ಲ", ಬೆಳಕು ಹೋಗದಿರುವುದಕ್ಕೆ "ಆರುತ್ತಿಲ್ಲ", ಹೋಗಿ ಬರುವುದಕ್ಕೆ "ನಿದ್ದೆ ಕೆಡುತ್ತಿದೆ". ಇವು ನಿಮ್ಮ ಕಡೆಯ ಮಾತಿನಲ್ಲಿ ಸಹಜವಾಗಿ ಕೇಳಿಸುತ್ತವೆಯೇ? ಯಂತ್ರಕ್ಕೆ "ನಿದ್ದೆ ಹತ್ತು" ಅನ್ನುವುದು ಕಿವಿಗೆ ಕೀಟಲೆಯಂತೆ ಕೇಳಿಸಿದರೆ ಹಾಗಂತಲೇ ಹೇಳಿ. ತಡೆಗೆ ಬೇರೆ ಪದ ಹೊಳೆದರೆ ತಿಳಿಸಿ, ಆದರೆ ಮೂರು ಅಕ್ಷರ ದಾಟದಿರಲಿ. ಕೊನೆಯದಾಗಿ, ಮಾನಿಟರ್ ನಿದ್ದೆಯಲ್ಲಿರುವಾಗ ಬಟನ್ ಹತ್ತಿರ ಕಿತ್ತಳೆ ಬಣ್ಣದ ಪುಟ್ಟ ದೀಪ ಹೊತ್ತಿ ಹೊತ್ತಿ ಆರುತ್ತದಲ್ಲ, ಅದು "ಮಿಣುಕುತ್ತದೆ" ಅಂತ ಬರೆದಿದ್ದೇನೆ. "ಮಿಟುಕುತ್ತದೆ" ಅನ್ನಬೇಕು ಅಂತ ಕರಡು ಓದಿದ ಗೆಳೆಯರ ಒತ್ತಾಯ. ಮಿಟುಕುವುದು ಕಣ್ಣಿನ ಕೆಲಸ, ದೀಪಕ್ಕೆ ಮಿಣುಕೇ ಸರಿ ಅಂತ ನಾನು. ನೀವು ಯಾವ ಕಡೆ?