ಮೈಸೂರು ಪಾಕ್ 1:2:2 ಲೋಟದಲ್ಲೋ, ಗ್ರಾಂನಲ್ಲೋ? ಗೂಡು ಬರ್ತಿಲ್ಲ

ಬೆಲ್ಲದಚ್ಚು:
ಎಲ್ಲರೂ ಹೇಳುವ ಅಳತೆಯೇ ಹಾಕಿದ್ದು. ಕಡಲೆಹಿಟ್ಟು ಒಂದು, ಸಕ್ಕರೆ ಎರಡು, ತುಪ್ಪ ಎರಡು. ಹೊಸ ತೂಕದ ಯಂತ್ರ ತಂದಿದ್ದೆ, ಅದಕ್ಕೇ ಗ್ರಾಂನಲ್ಲಿ ಹಾಕಿದೆ: ಹಿಟ್ಟು 250, ಸಕ್ಕರೆ 500, ತುಪ್ಪ 500. ಒಂದೆಳೆ ಪಾಕ ಚೆನ್ನಾಗೇ ಬಂದಿತ್ತು. ಹಿಟ್ಟು ಹಾಕಿದ್ದೇ ತಡ, ಮುದ್ದೆ! ಸೌಟು ಆಡಿಸಲೂ ಆಗಲಿಲ್ಲ. ಬಿಸಿ ತುಪ್ಪ ಹುಯ್ದರೂ ನೊರೆ ಏಳಲಿಲ್ಲ. ಈಗ ತಟ್ಟೆಯಲ್ಲಿ ಮೆತ್ತಗೆ ಕೂತಿದೆ, ಸಿಹಿಯೂ ಸಾಲದು. ಹಿಟ್ಟು ಸರಿ ಇಲ್ವಾ, ಪಾಕ ಸರಿ ಇಲ್ವಾ?

ಹಿತ್ತಾಳೆಪಾವು:
ಎರಡೂ ಸರಿ ಇದೆ ಅಕ್ಕ. 1:2:2 ಲೋಟದ ಲೆಕ್ಕ, ತೂಕದ್ದಲ್ಲ.

240 ಮಿಲಿ ಲೋಟಕ್ಕೆ ಜರಡಿ ಹಿಡಿದ ಕಡಲೆಹಿಟ್ಟು ಸುಮಾರು 100 ಗ್ರಾಂ ಹಿಡಿಯುತ್ತದೆ. ಅದೇ ಲೋಟಕ್ಕೆ ಸಕ್ಕರೆ 200 ಗ್ರಾಂ, ಕರಗಿದ ತುಪ್ಪ 215ರ ಆಸುಪಾಸು. ಈಗ ನಿಮ್ಮದನ್ನು ನೋಡಿ. 250 ಗ್ರಾಂ ಹಿಟ್ಟು ಅಂದರೆ ಎರಡೂವರೆ ಲೋಟ. 500 ಗ್ರಾಂ ಸಕ್ಕರೆಯೂ ಎರಡೂವರೆ ಲೋಟವೇ. ತುಪ್ಪ ಅದಕ್ಕಿಂತ ಚೂರು ಕಡಿಮೆ. ನೀವು ಹಾಕಿದ್ದು ಹೆಚ್ಚುಕಮ್ಮಿ 1:1:1. ಅಷ್ಟು ಹಿಟ್ಟಿಗೆ ಸಕ್ಕರೆ ಒಂದು ಕೆಜಿ ಬೇಕಿತ್ತು, ತುಪ್ಪ ಅದಕ್ಕೂ ತುಸು ಜಾಸ್ತಿ.

ಕಾದ ತುಪ್ಪ ಬಿದ್ದಾಗ ಪಾಕದಲ್ಲಿರುವ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ಅದು ಹೋದ ದಾರಿಯೇ ಗೂಡು. ಆರಿದ ಮೇಲೆ ಆ ಗೂಡು ಕುಸಿಯದಂತೆ ಹಿಡಿದಿಡುವುದು ಸಕ್ಕರೆ. ಹಿಟ್ಟಿನ ಮುದ್ದೆಯಲ್ಲಿ ಎಷ್ಟು ತುಪ್ಪ ಹುಯ್ದರೂ ಅದು ಬರೋದಿಲ್ಲ.

ಬೆಲ್ಲದಚ್ಚು:
ಅಯ್ಯೋ! ಹಾಗಾದ್ರೆ ಈ ಯಂತ್ರ ಸುಮ್ನೆ ತಂದೆನಾ?

ಹಿತ್ತಾಳೆಪಾವು:
ಛೇ, ಇಲ್ಲ. ಲೋಟವನ್ನು ನಂಬುವುದೇ ಕಷ್ಟ. ಯಂತ್ರದ ಮೇಲೆ ಖಾಲಿ ಲೋಟ ಇಟ್ಟು ಸೊನ್ನೆ ಮಾಡಿ. ಹಿಟ್ಟನ್ನು ನೇರ ಅದರೊಳಗೇ ಜರಡಿ ಹಿಡಿದು, ಚಾಕುವಿನ ಬೆನ್ನಿಂದ ಮೇಲ್ಭಾಗ ಸವರಿ, ತೂಕ ನೋಡಿ. ಆಮೇಲೆ ಅದೇ ಲೋಟವನ್ನು ಡಬ್ಬಿಯೊಳಗೆ ಅದ್ದಿ, ಎರಡು ಸಲ ಕುಟ್ಟಿ, ತುಂಬಿ ನೋಡಿ. ಇಪ್ಪತ್ತು ಗ್ರಾಂ ಜಾಸ್ತಿ ತೋರಿಸಿದರೂ ಆಶ್ಚರ್ಯವಿಲ್ಲ. ಸಕ್ಕರೆ, ಅಕ್ಕಿಯಲ್ಲಿ ಇಷ್ಟು ಏರುಪೇರು ಇಲ್ಲ. ಕಾಟ ಕೊಡುವುದೆಲ್ಲ ಹಿಟ್ಟುಗಳೇ. ಪುಡಿ ಮಾಡಿದ ಬೆಲ್ಲವೂ ಹಾಗೆಯೇ.

ಒಂದು ಸಲ ಲೋಟದಲ್ಲಿ ಸರಿಯಾಗಿ ಬಂತು ಅಂದರೆ, ಆವತ್ತಿನ ಗ್ರಾಂ ಬರೆದಿಟ್ಟುಕೊಳ್ಳಿ. ಮುಂದಿನ ಸಲದಿಂದ ತೂಕವೇ ಸಾಕು.

ಹೊರನಾಡಿನ ಒಲೆ:
ನಡುವೆ ಬಾಯಿ ಹಾಕ್ತಿದ್ದೇನೆ. ನನ್ನ ಹತ್ತಿರ 250 ಮಿಲಿ ಕಪ್ಪು ಇದೆ, ರೈಸ್ ಕುಕ್ಕರ್ ಜೊತೆ ಬಂದ 180 ಮಿಲಿಯದ್ದೂ ಇದೆ. ಅಜ್ಜಿಯ ಪುಸ್ತಕದಲ್ಲಿ ಎಲ್ಲಾ ಪಾವು. ಯಾವುದನ್ನು ಹಿಡಿಯಲಿ?

ಹಿತ್ತಾಳೆಪಾವು:
ಹಿಟ್ಟು, ಸಕ್ಕರೆ, ತುಪ್ಪ ಮೂರಕ್ಕೂ ಒಂದೇ ಪಾತ್ರೆ ಬಳಸಿದರೆ ಯಾವುದಾದರೂ ಸರಿ, ಲೆಕ್ಕ ಕೆಡೋದಿಲ್ಲ. ಪಾವು ಹಿಡಿದು ಕಪ್ಪು ಬೆರೆಸಿದರೆ ಮಾತ್ರ ಕೆಡುತ್ತದೆ. ಮನೆಯಲ್ಲಿ ಆ ಪಾವು ಇನ್ನೂ ಇದ್ದರೆ ಕಂಠಮಟ್ಟ ನೀರು ತುಂಬಿ ತೂಗಿ. ನೀರು ಎಷ್ಟು ಗ್ರಾಂ ತೂಗುತ್ತದೋ ಪಾವು ಅಷ್ಟೇ ಮಿಲಿ. ಕೇಕಿಗೆ ಮಾತ್ರ ಹುಷಾರು, ಅಲ್ಲಿ ಮೊಟ್ಟೆ ಎಣಿಸಿ ಹಾಕೋದು, ಲೋಟ ಬದಲಾದರೆ ಲೆಕ್ಕ ಕೆಡುತ್ತದೆ!

ತುಪ್ಪದ ಗಿಂಡಿ:
ತುಪ್ಪದಲ್ಲೂ ಎಡವುತ್ತಾರೆ. ಒಂದು ಲೀಟರ್ ಪ್ಯಾಕೆಟ್ ಮೇಲೆ ನೋಡಿ, 905 ಗ್ರಾಂ ಅಂತ ಇರುತ್ತದೆ. ಲೀಟರ್ ಅಂದರೆ ಕೆಜಿ ಅಂತ ಹಾಕಿದರೆ ಸುಮಾರು ನೂರು ಗ್ರಾಂ ಖೋತಾ. ಗಟ್ಟಿ ತುಪ್ಪ ಚಮಚದಲ್ಲಿ ತುಂಬಿದರೆ ನಡುವೆ ಗಾಳಿ ಕೂರುತ್ತದೆ. ಕರಗಿಸಿಯೇ ಅಳೆಯಿರಿ.

ಬೆಲ್ಲದಚ್ಚು:
ಎಲ್ಲಾ ಬರೆದುಕೊಂಡೆ. ತಟ್ಟೆಯಲ್ಲಿರುವುದನ್ನು ಏನು ಮಾಡಲಿ? ಮತ್ತೆ ಪಾಕ ಮಾಡಿ ಸೇರಿಸಲಾ?

ತುಪ್ಪದ ಗಿಂಡಿ:
ಬೇಡ, ಗಂಟು ಗಂಟಾಗುತ್ತದೆ. ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವ ತನಕ ಕೈಯಾಡಿಸಿ. ಪೂರ್ತಿ ಆರಿದ ಮೇಲೆ ಸಕ್ಕರೆ ಪುಡಿ, ಏಲಕ್ಕಿ ಬೆರೆಸಿ ಉಂಡೆ ಕಟ್ಟಿ. ಬಿಸಿಯಲ್ಲೇ ಸಕ್ಕರೆ ಹಾಕಿದರೆ ಇನ್ನೂ ಮೆತ್ತಗಾಗುತ್ತದೆ.